ಕಲ್ಲುಗಳ ಬೆನ್ನು

ನಾನು ಲಿಫ್ಟ್ ರಿಪೇರಿ ಮಾಡುವ ಕಂಪನಿಯೊಂದರಲ್ಲಿ ಫೋನ್ ಎತ್ತುವ ಕೆಲಸದಲ್ಲಿದ್ದೇನೆ. ಎರಡು ಮಹಡಿಗಳ ನಡುವೆ ಜನ ಸಿಕ್ಕಿಕೊಂಡಾಗ "ಗಾಬರಿಯಾಗಬೇಡಿ ಸಾರ್, ನಮ್ಮ ಹುಡುಗರು ಆಗಲೇ ಹೊರಟಿದ್ದಾರೆ" ಎನ್ನುವ ದನಿ ನನ್ನದೇ. ಹುಡುಗರು ಹೊರಟಿರುವುದಿಲ್ಲ, ಪಕ್ಕದ ಕೋಣೆಯಲ್ಲಿ ಟೀ ಆರಿಸಿಕೊಳ್ಳುತ್ತಿರುತ್ತಾರೆ. ನಮ್ಮ ಆಫೀಸು ಇರುವುದು ಬರೀ ಒಂದನೇ ಮಹಡಿಯಲ್ಲಿ. ಅಲ್ಲಿಗೂ ನಾನು ಲಿಫ್ಟಿನಲ್ಲೇ ಹೋಗುತ್ತೇನೆ. ಕಂಪನಿಗೆ ತೋರಿಸುವ ನಿಷ್ಠೆ ಎಂದು ಹೇಳಿಕೊಳ್ಳುತ್ತೇನೆ. ನಿಜ ಏನೆಂದು ನನ್ನ ಬೆಲ್ಟಿಗೆ ಗೊತ್ತು. ಇಂಥವನು ಬೆಟ್ಟಬಯಲಿನ ನಡಿಗೆಯ ಬಗ್ಗೆ ಬರೆಯಲು ಕೂತರೆ ಮೀನು ಮರ ಹತ್ತುವ ಪಾಠ ಹೇಳಿದ ಹಾಗಾಗುತ್ತದೆ. ಆದರೆ ನಡಿಗೆ ನನ್ನದಲ್ಲ, ನಮ್ಮ ದೊಡ್ಡಪ್ಪನದು.

ದೊಡ್ಡಪ್ಪ ಬೋರ್ಡ್ ಬರೆಯುವವರು. ಒಂದೇ ಬೀದಿಯ ಆ ಊರಿನಲ್ಲಿ ಬೇಕರಿ, ಹಾರ್ಡ್‌ವೇರ್ ಅಂಗಡಿ, ಟೈಲರ್, ಬಸ್‌ಸ್ಟಾಪ್, ಎಲ್ಲದರ ಹಣೆಯ ಮೇಲೂ ಅವರದೇ ಅಕ್ಷರ. ಬೋರ್ಡು ಬರೆಯುವಾಗ ಉಸಿರು ಬಿಗಿಹಿಡಿದಿರುತ್ತಿದ್ದರು. ಅಕ್ಷರ ಮುಗಿದ ಮೇಲೆ ಉಸಿರು ಬಿಟ್ಟು, ಏಣಿಯ ಮೇಲಿಂದಲೇ, "ಅಂಚು ನೋಡೋ, ಅಂಚು! ಒಳಗೆ ಬಣ್ಣ ತುಂಬೋಕೆ ಕತ್ತೆಗೂ ಬರತ್ತೆ" ಎನ್ನುತ್ತಿದ್ದರು. ಕೆಳಗೆ ನಿಂತ ನಾನು ಅವರು ಹೇಳುತ್ತಿರುವುದು ಯಾವ ಕತ್ತೆಯ ಬಗ್ಗೆ ಎಂದು ತಿಳಿದುಕೊಂಡು ತಲೆಯಾಡಿಸುತ್ತಿದ್ದೆ.

ಅವರ ಮನೆ ಬೇಕರಿಯ ಹಿಂದೆ. ಎರಡು ಕೋಣೆ, ಒಂದು ಅಡುಗೆಮನೆ. ಬೆಳಗಿನ ಜಾವ ಗೋಡೆಯ ಆಚೆಯಿಂದ ಬ್ರೆಡ್ಡಿನ ವಾಸನೆ, ಈಚೆಯಿಂದ ಟರ್ಪೆಂಟೈನ್ ವಾಸನೆ. ಎರಡೂ ಸೇರಿದ ಆ ಗಾಳಿ ಇವತ್ತು ಎಲ್ಲಾದರೂ ಮೂಗಿಗೆ ಬಡಿದರೆ ನನಗೆ ಶಾಲೆಗೆ ರಜೆ ಸಿಕ್ಕಷ್ಟು ಸಂತೋಷವಾಗುತ್ತದೆ. ದೀಪದ ಬುಡದಲ್ಲಿ ಕತ್ತಲು ಅನ್ನುತ್ತಾರಲ್ಲ, ಊರಿಗೆಲ್ಲ ಬಣ್ಣ ಬಳಿದವರ ಅಡುಗೆಮನೆಯ ಬಾಗಿಲು ಮಾತ್ರ ಅರ್ಧಕ್ಕೇ ಹಸಿರು. ಚಿಲಕದವರೆಗೆ ಬಣ್ಣ, ಅದರ ಮೇಲೆ ಬರೀ ಮರ. ಪ್ರತಿ ವರ್ಷವೂ ದೊಡ್ಡಪ್ಪ ಒಂದು ಡಬ್ಬಿ ಹಸಿರು ತರುತ್ತಿದ್ದರು. ಪ್ರತಿ ವರ್ಷವೂ ಅದು ಚಿಲಕದ ಹತ್ತಿರಕ್ಕೆ ಬಂದು ಖಾಲಿಯಾಗುತ್ತಿತ್ತು. ದೊಡ್ಡಪ್ಪ ಡಬ್ಬಿ ಹಿಡಿದು ನೇರ ಹಾರ್ಡ್‌ವೇರ್ ಅಂಗಡಿಗೆ ಹೋಗುತ್ತಿದ್ದರು.

"ಏನಯ್ಯಾ, ಡಬ್ಬೀಲಿ ಬಣ್ಣ ತುಂಬ್ತೀಯೋ ಗಾಳಿ ತುಂಬ್ತೀಯೋ?"

"ಕಂಪನಿಯವರು ಸೀಲ್ ಮಾಡಿ ಕಳಿಸ್ತಾರೆ ಪೇಂಟರೇ, ನಾನೇನು ಒಳಗೆ ಇಳಿದು ಕುಡೀತೀನಾ?" ಎಂದು ಅಂಗಡಿಯವರು ತಕ್ಕಡಿಯ ಕಡೆ ನೋಡುತ್ತ ಹೇಳುತ್ತಿದ್ದರು. ದೊಡ್ಡಪ್ಪನ ಮುಖ ನೋಡಿ ಹೇಳಿದ್ದನ್ನು ನಾನು ಕಾಣೆ.

ಇನ್ನು ಸುತ್ತಿನ ವಿಷಯ. ಊರಿನ ಬೆನ್ನಿಗೇ ಏರುವ ಗುಡ್ಡಗಳ ಮೇಲೆ ದೊಡ್ಡದೊಂದು ಬೋಳುಬಯಲು ಇದೆ. ಮರ ಎಂಬುದಿಲ್ಲ. ಮೊಣಕಾಲುದ್ದದ ಒರಟು ಹುಲ್ಲು, ಕುರುಚಲು ಗಿಡ, ನೋಡಲು ಗಟ್ಟಿ ನೆಲದಂತಿದ್ದು ಕಾಲಿಟ್ಟರೆ ಮೊಣಕಾಲು ನುಂಗುವ ಜೌಗು. ಗಾಳಿಗೆ ಅಲ್ಲಿ ಬೇರೆ ಕೆಲಸವಿಲ್ಲ, ಹಗಲೆಲ್ಲ ಬೀಸುತ್ತದೆ. ಯಾವ ಕಾಲದಲ್ಲೋ ಕುರಿ ಕಾಯುವವರು ನಿಲ್ಲಿಸಿದ ಸೊಂಟದೆತ್ತರದ ಕಲ್ಲುಗಳು ದೂರ ದೂರಕ್ಕೆ ನಿಂತಿವೆ. ಬಸ್‌ಸ್ಟಾಪಿನ ಹಿಂದಿನಿಂದ ಹತ್ತಿ, ಕಲ್ಲಿಂದ ಕಲ್ಲಿಗೆ ಬಯಲನ್ನು ಪೂರ್ತಿ ಬಳಸಿ, ಬೇಕರಿಯ ಹಿಂದಿನ ಮರದ ಗೇಟಿಗೆ ಇಳಿದರೆ ಒಂದು ಸುತ್ತು. ಬೆಳಿಗ್ಗೆ ಹೊರಟವರು ಸಂಜೆಗೆ ಇಳಿಯುತ್ತಾರೆ, ಕಾಲು ಅವರದೇ ಆಗಿದ್ದರೆ.

ದೊಡ್ಡಪ್ಪ ಆ ಊರಿಗೆ ಮೊದಲು ಬಂದದ್ದು ಬೇಕರಿಯ ಬೋರ್ಡು ಬರೆಯಲು. ಬೇಕರಿಯವರಿಗೆ ಒಬ್ಬಳು ಮಗಳು. ಬಣ್ಣ ಒಣಗುವವರೆಗೆ ಏನಾದರೂ ಪರಾಕ್ರಮ ತೋರಿಸೋಣವೆಂದು ಇವರು ಒಬ್ಬರೇ ಬಯಲು ಸುತ್ತಲು ಹೋದರು. ದಾರಿ ತಪ್ಪಿ, ಜೌಗಿನಲ್ಲಿ ಸೊಂಟದವರೆಗೆ ಇಳಿದು, ಸಂಜೆಗೆ ಒಂದೇ ಬೂಟಿನಲ್ಲಿ ಬೇಕರಿಯ ಹಿಂಬಾಗಿಲಿಗೆ ಬಂದು ನಿಂತರು. ಆ ಮಗಳು ಮೇಲಿಂದ ಕೆಳಗೆ ನೋಡಿ ಹೇಳಿದ್ದು ಇಷ್ಟು: "ಪೇಂಟರ್ ಅಂತೀರಿ, ಒಂದು ಗುರುತಾದ್ರೂ ಹಾಕ್ಕೊಂಡು ಹೋಗ್ಬಾರ್ದಿತ್ತಾ?"

ಮರುದಿನವೇ ಅವರು ಬಿಳಿ ಬಣ್ಣದ ಡಬ್ಬಿ ಹಿಡಿದು ಮತ್ತೆ ಹತ್ತಿದರು. ಕಲ್ಲು ಕಲ್ಲಿಗೂ ಅಂಗೈಯಗಲದ ಒಂದು ಬಿಳಿ ಪಟ್ಟೆ. ಆ ವರ್ಷವೇ ಬೇಕರಿಯ ಮಗಳು ನನಗೆ ದೊಡ್ಡಮ್ಮ ಆದರು. ಆಗ ನಾನು ಹುಟ್ಟಿರಲಿಲ್ಲ ಎನ್ನುವುದು ಬೇರೆ ಮಾತು. ಅಂದಿನಿಂದ ವರ್ಷಕ್ಕೊಮ್ಮೆ, ಚಳಿ ಕಳೆದ ಮೇಲೆ, ದೊಡ್ಡಪ್ಪ ಸುತ್ತು ಹೋಗಿ ಪಟ್ಟೆಗಳಿಗೆ ಹೊಸ ಬಣ್ಣ ಕೊಟ್ಟು ಬರುವುದು ಬಿಡಲಿಲ್ಲ.

ಅವರದೊಂದು ಹಟವಿತ್ತು. ಪಟ್ಟೆ ಹಾಕುವುದು ಕಲ್ಲಿನ ಒಂದೇ ಮುಖಕ್ಕೆ, ನಾವು ನಡೆದು ಬರುವಾಗ ಎದುರಿಗೆ ಕಾಣುವ ಮುಖಕ್ಕೆ. ಹಿಂದಿನ ಮುಖ ಬರೀ ಕಲ್ಲು.

"ಎರಡೂ ಕಡೆ ಹಾಕಿದ್ರೆ ಒಳ್ಳೇದಲ್ವಾ ದೊಡ್ಡಪ್ಪ?" ಎಂದು ಒಮ್ಮೆ ಕೇಳಿದ್ದೆ.

"ಅರ್ಧಕ್ಕೆ ವಾಪಸ್ ಬರೋರಿಗೆ ನಾನ್ಯಾಕೋ ದಾರಿ ತೋರಿಸ್ಲಿ? ಸುತ್ತು ಅಂದ್ಮೇಲೆ ಮುಂದಕ್ಕೆ. ಹಿಂದೆ ತಿರುಗಿ ನೋಡೋಕೆ ಅದೇನು ಬಸ್ಸಾ?"

ಅವರು ಹಿಡಿದ ಮೊಲಕ್ಕೆ ಮೂರೇ ಕಾಲು. ಇನ್ನೊಂದು ಕಾನೂನೂ ಇತ್ತು: ಇವರು ಬರುವುದು ತಡವಾಯಿತೆಂದು ಯಾರೂ ಎದುರು ಹೋಗಬಾರದು. ಎದುರು ಹೋದರೆ ಇವರ ಕೈಯಲ್ಲಿ ಆಗಲಿಲ್ಲ ಎಂದು ಊರಿಗೆಲ್ಲ ಡಂಗುರ ಹೊಡೆದ ಹಾಗೆ. ಅದಕ್ಕೇ ದೊಡ್ಡಮ್ಮ ಗೇಟಿನ ಹತ್ತಿರ ಫ್ಲಾಸ್ಕ್ ಹಿಡಿದು ನಿಂತಿರುತ್ತಿದ್ದರು, ಅಷ್ಟೇ. ದೊಡ್ಡಪ್ಪ ಸಿಳ್ಳೆ ಹಾಕುತ್ತ ಇಳಿದು ಬರುತ್ತಿದ್ದರು. ಅವರಿಗೆ ಬರುತ್ತಿದ್ದದ್ದು ಒಂದೇ ರಾಗ, ಅದೂ ಸರಿಯಾಗಿ ಬರುತ್ತಿರಲಿಲ್ಲ. ದೊಡ್ಡಮ್ಮ ಫ್ಲಾಸ್ಕಿನ ಸ್ಟೀಲ್ ಮುಚ್ಚಳಕ್ಕೆ ಟೀ ಬಗ್ಗಿಸುತ್ತಿದ್ದರು. ಆಗ ದೊಡ್ಡಮ್ಮ ಯಾವಾಗಲೂ ಸ್ವಲ್ಪ ಏದುಸಿರು ಬಿಡುತ್ತಿರುತ್ತಿದ್ದರು. ಫ್ಲಾಸ್ಕಿನ ಹಿಡಿಕೆಯ ಮೇಲೆ ಒಂದು ಹಸಿರು ಬೆರಳಚ್ಚು ಇರುತ್ತಿತ್ತು. ರಜೆಗೆ ಬಂದ ನಾನು ಎರಡನ್ನೂ ನೋಡಿದ್ದೆ. ಆದರೆ ನನಗೆ ಯಾವತ್ತೂ ಮುಖ್ಯವಾಗಿದ್ದದ್ದು ಟೀ ಜೊತೆಗಿನ ಬನ್ನು.

ಹೀಗೇ ನಡೆದುಕೊಂಡು ಬಂತು. ಹೋದ ವರ್ಷದ ಹಿಂದಿನ ವರ್ಷ ದೊಡ್ಡಪ್ಪನ ಬಲಗಾಲಿನ ಮಂಡಿ ಮುಷ್ಕರ ಹೂಡಿತು. ಏಣಿ ಹತ್ತಬೇಡಿ ಎಂದರು ಡಾಕ್ಟರು. ಏಣಿ ಬಿಟ್ಟರು, ಸುತ್ತು ಬಿಡಲಿಲ್ಲ. ಸುತ್ತಿನ ಹಿಂದಿನ ದಿನ ದೊಡ್ಡಮ್ಮ ಅಡುಗೆಮನೆಯ ಅರ್ಧ ಹಸಿರು ಬಾಗಿಲಿಗೆ ಒರಗಿ ನಿಂತು ಕರಾರು ಹಾಕಿದರು.

"ನೋಡಿ, ನಾನು ಬೇಡ ಅನ್ನಲ್ಲ. ಅಂದ್ರೂ ಕೇಳೋ ಜೀವ ಅಲ್ಲ ಅದು. ಗೇಟಿನವರೆಗೆ ನಿಮ್ಮ ಕಾಲಲ್ಲೇ ಬಂದ್ರೆ ಮುಂದಿನ ವರ್ಷವೂ ನೀವೇ ಹೋಗಿ. ನೆತ್ತೀಲಿ ಬ್ರೆಡ್ಡು ತಿನ್ನೋಕೆ ಬಿಟ್ಟು ಮಧ್ಯೆ ಎಲ್ಲಾದ್ರೂ ಕೂತ್ರೋ, ಬ್ರಷ್ಷು ನನ್ನ ಕೈಗೆ ಕೊಟ್ಟು ಮನೇಲಿರ್ಬೇಕು. ಮತ್ತೆ ಆ ಮಾತು ಎತ್ತಬಾರ್ದು."

"ನಿನ್ನ ಕೈಗಾ? ನಿನಗೇನು ಬರತ್ತೇ ಪಟ್ಟೆ ಹಾಕೋಕೆ?" ದೊಡ್ಡಪ್ಪ ನಕ್ಕರು.

"ಬರಲ್ಲಪ್ಪ. ನಾನು ಬರೀ ಬನ್ನು ಬೇಯಿಸೋಳು," ಎಂದು ದೊಡ್ಡಮ್ಮ ಪಾತ್ರೆಯ ಕಡೆ ತಿರುಗಿದರು.

ದೊಡ್ಡಪ್ಪ ನಗುತ್ತಿದ್ದರೂ ಅವರ ಕೈ ಮಂಡಿಯ ಮೇಲಿತ್ತು. ಬೋರ್ಡು ಹೋಗಿತ್ತು; ಇದೂ ಹೋದರೆ ಉಳಿಯುವುದು ಕಿಟಕಿಯ ಪಕ್ಕದ ಕುರ್ಚಿ. ಅದು ಅವರಿಗೆ ಗೊತ್ತಿತ್ತು. ಜೊತೆಗೆ ಒಬ್ಬ ಇರಲಿ ಎಂದು ದೊಡ್ಡಮ್ಮನಿಂದ ನನಗೆ ಫೋನ್ ಬಂದಿತ್ತು. ಮ್ಯಾನೇಜರ್ ಹತ್ತಿರ ರಜೆ ಕೇಳಿದಾಗ ಅವರು, "ನೀನಾ? ಬೆಟ್ಟಾನಾ?" ಎಂದು ನಗುತ್ತಲೇ ಸಹಿ ಹಾಕಿದ್ದರು. ಅಷ್ಟು ಸುಲಭವಾಗಿ ನನಗೆ ಎಂದೂ ರಜೆ ಸಿಕ್ಕಿರಲಿಲ್ಲ.

ಬೆಳಿಗ್ಗೆ ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಬಸ್‌ಸ್ಟಾಪಿನ ಹಿಂದಿನ ಏರಿನಲ್ಲೇ ನನ್ನ ನಾಲಿಗೆ ಹೊರಗೆ ಬಂತು. ನಗರದಲ್ಲಿ ಅದಕ್ಕೆಂದೇ ಕೊಂಡ ಹೊಸ ಬೂಟು ಮೊದಲ ಕಲ್ಲಿಗೇ ಹಿಮ್ಮಡಿ ಕಚ್ಚಿತು. ದೊಡ್ಡಪ್ಪ ನಿಧಾನವಾಗಿ, ಬಲಗಾಲನ್ನು ಸ್ವಲ್ಪ ಎಳೆಯುತ್ತ, ಆದರೆ ನಿಲ್ಲದೆ ಹತ್ತಿದರು. ಪ್ರತಿ ಕಲ್ಲಿನ ಮುಂದೆ ನಿಲ್ಲುವುದು, ಹಳೆಯ ಬಣ್ಣ ಕೆರೆಯುವುದು, ಉಸಿರು ಬಿಗಿಹಿಡಿದು ಮೊದಲು ಅಂಚು, ಆಮೇಲೆ ಒಳಗೆ. ಡಬ್ಬಿ ಮುಚ್ಚಿ, ಕಲ್ಲಿನ ಪಕ್ಕದಿಂದ ದಾಟಿ, ಮುಂದಕ್ಕೆ. ಒಮ್ಮೆಯೂ ಕತ್ತು ಹಿಂದಕ್ಕೆ ಹೊರಳಲಿಲ್ಲ. ನಾನೂ ತಿರುಗಲಿಲ್ಲ, ನನಗೆ ಹಟವೇನೂ ಇರಲಿಲ್ಲ, ತಿರುಗುವ ಶಕ್ತಿ ಇರಲಿಲ್ಲ.

ಬಯಲಿನ ನೆತ್ತಿಯಲ್ಲಿ ಕೂತು ಬ್ರೆಡ್ಡು ತಿಂದೆವು. ಕೆಳಗೆ ಊರು ಬೆಂಕಿಪೊಟ್ಟಣಗಳನ್ನು ಜೋಡಿಸಿಟ್ಟ ಹಾಗೆ ಕಾಣುತ್ತಿತ್ತು. ಗಾಳಿ ಹುಲ್ಲನ್ನು ಒಂದು ಕಡೆಗೆ ಬಾಚುತ್ತಿತ್ತು.

"ಆ ಬೋರ್ಡು ಇನ್ನೂ ಹಾಗೇ ಇದೆ, ನೋಡಿದ್ಯಾ? ಬೇಕರೀದು," ಎಂದರು ದೊಡ್ಡಪ್ಪ. "ಆಮೇಲೆ ಎಷ್ಟು ಬರೆದ್ನೋ ಏನೋ. ಅಷ್ಟು ಚೆನ್ನಾಗಿ ಇನ್ನೊಂದು ಬರ್ಲಿಲ್ಲ."

"ಆಗ ಒಳಗಿಂದ ಯಾರೋ ನೋಡ್ತಿದ್ರಲ್ಲ."

"ಮುಚ್ಚೋ ಬಾಯಿ," ಎಂದು ಅವರು ಎದ್ದರು. ಏಳುವಾಗ ನನ್ನ ಹೆಗಲು ಹಿಡಿದರು. ಅದುವರೆಗೆ ಅವರು ಯಾರ ಹೆಗಲನ್ನೂ ಹಿಡಿದದ್ದು ನಾನು ನೋಡಿರಲಿಲ್ಲ.

ಇಳಿಜಾರು ಶುರುವಾದ ಮೇಲೆ ಮಂಜು ಬಂತು. ಅದು ಬರುವುದು ಕಾಣಲಿಲ್ಲ. ಎದುರಿನ ಗುಡ್ಡ ಇತ್ತು, ಸ್ವಲ್ಪ ಹೊತ್ತಿನಲ್ಲಿ ಇರಲಿಲ್ಲ, ಅಷ್ಟೇ. ಮಂಜಿನಲ್ಲಿ ಒಂದು ನಿಯಮ: ಮುಂದಿನ ಕಲ್ಲು ಕಾಣದೆ ಈ ಕಲ್ಲು ಬಿಡಬಾರದು. ಹಾಗೆಯೇ ಒಂದೆರಡು ಕಲ್ಲು ದಾಟಿದೆವು. ಜೌಗಿನ ಅಂಚಿಗೆ ಬಂದಾಗ ದೊಡ್ಡಪ್ಪನ ಬಲಗಾಲು ಹುಲ್ಲಿನಡಿಯ ಗುಂಡಿಗೆ ಇಳಿಯಿತು. "ಅಮ್ಮಾ" ಎಂದರು, ಅದೂ ಮೆಲ್ಲಗೆ, ಯಾರಿಗೋ ಕೇಳಿಸಬಾರದೆನ್ನುವ ಹಾಗೆ. ಎಬ್ಬಿಸಿ ಕಲ್ಲಿಗೆ ಆನಿಸಿ ನಿಲ್ಲಿಸಿದೆ. ಪ್ಯಾಂಟಿನ ಮೇಲಿಂದಲೇ ಮಂಡಿ ಊದಿಕೊಂಡದ್ದು ಕಾಣುತ್ತಿತ್ತು.

"ಕೂತ್ಕೊಳ್ಳಿ ದೊಡ್ಡಪ್ಪ."

"ಕೂರಲ್ಲ."

"ಯಾರೂ ನೋಡ್ತಿಲ್ಲ."

"ನಾನು ನೋಡ್ತಿದೀನಲ್ಲೋ!"

ನನಗೆ ಕರಾರು ನೆನಪಾಯಿತು. ಅವರು ಕಲ್ಲನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ನಿಂತರು, ಬಸ್ಸಿನಲ್ಲಿ ಸೀಟು ಸಿಗದವರು ಕಂಬಿ ಹಿಡಿದ ಹಾಗೆ. ಬೆಳಕು ಇಳಿಯುತ್ತಿತ್ತು. ನನ್ನ ಫೋನಿನಲ್ಲಿ ಸಿಗ್ನಲ್ ಇರಲಿಲ್ಲ. ಇದ್ದರೂ ಯಾರಿಗೆ ಮಾಡುವುದು? ಗಾಬರಿಯಾಗಬೇಡಿ, ಹುಡುಗರು ಹೊರಟಿದ್ದಾರೆ ಎನ್ನುವ ನಾನೇ ಇಲ್ಲಿ ಸಿಕ್ಕಿಕೊಂಡಿದ್ದೆ.

"ಮುಂದಿನ ಕಲ್ಲು ಎಲ್ಲಿದೆ ನೋಡ್ಕೊಂಡು ಬಾ. ನಾನು ಸಿಳ್ಳೆ ಹಾಕ್ತಿರ್ತೀನಿ. ಸಿಳ್ಳೆ ಕೇಳೋವಷ್ಟು ದೂರ ಮಾತ್ರ ಹೋಗು," ಎಂದರು.

ಹೊರಟೆ. ಹಿಂದಿನಿಂದ ಆ ತಾಳತಪ್ಪಿದ ರಾಗ. ಜೀವನದಲ್ಲಿ ಮೊದಲ ಸಲ ಅದು ನನ್ನ ಕಿವಿಗೆ ಇಂಪಾಗಿ ಕೇಳಿಸಿತು. ಹುಲ್ಲು ಹಿಡಿದುಕೊಂಡು, ಜೌಗಿಗೆ ಬೂಟಿನ ಕಾಣಿಕೆ ಕೊಡುತ್ತ ಕೊಡುತ್ತ, ಕಲ್ಲನ್ನು ದಾಟಿ ಮುಂದೆ ಹೋಗಿಬಿಟ್ಟಿದ್ದೆನೆಂದು ಕಾಣುತ್ತದೆ. ಸಿಳ್ಳೆ ಸಣ್ಣದಾದದ್ದು ತಿಳಿದು ತಿರುಗಿದರೆ ಕಲ್ಲು ಎದುರಿಗೇ ನಿಂತಿತ್ತು. ಅದರ ಮೇಲೆ ಅಂಗೈಯಗಲದ ಪಟ್ಟೆ. ಹಸಿರು.

ಬೇರೆ ಯಾವುದೋ ದಾರಿಗೆ ಬಂದುಬಿಟ್ಟೆ ಎಂದುಕೊಂಡೆ. ಕಲ್ಲನ್ನು ಬಳಸಿ ಆಚೆ ಮುಖ ನೋಡಿದೆ. ಹೋದ ವರ್ಷದ ಬಿಳಿ ಪಟ್ಟೆ, ಅಂಚು ಅಳತೆಪಟ್ಟಿ ಇಟ್ಟ ಹಾಗೆ. ನಮ್ಮದೇ ಕಲ್ಲು. ಸಿಳ್ಳೆಯ ಜಾಡು ಹಿಡಿದು ವಾಪಸ್ ಬಂದು ಹೇಳಿದೆ.

"ಹಸಿರಾ? ನಾನು ಹಸಿರು ಹಚ್ಚೋದು ಅಡುಗೆಮನೆ ಬಾಗಿಲಿಗೆ ಮಾತ್ರ. ನಿನಗೆ ಕಣ್ಣು ಕತ್ತಲೆ ಬಂದಿರ್ಬೇಕು."

"ಬಂದು ನೋಡಿ ಬೇಕಾದ್ರೆ."

ಅದೇ ಒಳ್ಳೆಯದಾಯಿತು. ನೋವಿಗೆ ಕದಲದವರು ಕುತೂಹಲಕ್ಕೆ ಕದಲಿದರು. ನನ್ನ ಹೆಗಲ ಮೇಲೆ ಕೈ ಹಾಕಿ, ಕುಂಟುತ್ತ, ನಡುನಡುವೆ ಸಿಳ್ಳೆ ಹಾಕುತ್ತ, ಆ ಕಲ್ಲಿನವರೆಗೆ ಬಂದರು. ಕಲ್ಲನ್ನು ದಾಟಿದರು. ನಿಂತರು. ಆಮೇಲೆ ಹಿಂದೆ ತಿರುಗಿದರು.

ಹಸಿರು ಪಟ್ಟೆಯನ್ನು ಬಹಳ ಹೊತ್ತು ನೋಡಿದರು. ಹೆಬ್ಬೆರಳಿನಿಂದ ಅದರ ಅಂಚನ್ನು ಸವರಿದರು.

"ಅಂಚು ಸೊಟ್ಟ," ಎಂದರು. "ಒಂದೇ ಕೋಟು ಕೊಟ್ಟಿದಾರೆ."

ಅಷ್ಟರಲ್ಲಿ ಕೆಳಗಿನಿಂದ ಠಣ್ ಠಣ್ ಸದ್ದು ಬಂತು, ಸ್ಟೀಲಿನದು. ಮಂಜಿನೊಳಗಿಂದ ಮೊದಲು ಒಂದು ಟಾರ್ಚು, ಆಮೇಲೆ ದೊಡ್ಡಮ್ಮ. ಒಂದು ಕೈಯಲ್ಲಿ ಟಾರ್ಚು, ಹೆಗಲಲ್ಲಿ ಫ್ಲಾಸ್ಕು, ಇನ್ನೊಂದು ಕೈಯಲ್ಲಿ ಪುಟ್ಟ ಡಬ್ಬಿ, ಅದರೊಳಗೆ ನಿಂತ ಬ್ರಷ್ಷು. ಡಬ್ಬಿಯ ಬಾಯಿಯ ಸುತ್ತ ಹಸಿರು. ಕಳ್ಳಿ ಮಾಲು ಸಮೇತ ಸಿಕ್ಕಿಬಿದ್ದಿದ್ದರು.

ದೊಡ್ಡಪ್ಪ, "ಎದುರು ಬರಬಾರ್ದು ಅಂತ ಹೇಳಿದ್ನೋ ಇಲ್ವೋ?" ಎಂದರು.

"ಹೇಳಿದ್ರಿ. ಸಿಳ್ಳೆ ಒಂದೇ ಕಡೆ ನಿಂತ್ಬಿಡ್ತು. ಹತ್ತಿರಾನೇ ಬರ್ಲಿಲ್ಲ. ನಾನೇನು ಗೇಟು ಹಿಡ್ಕೊಂಡು ನಿಂತಿರ್ಲಾ?"

"ಗೇಟಿಗೆ ಇಲ್ಲಿನ ಸಿಳ್ಳೆ ಎಲ್ಲಿ ಕೇಳತ್ತೆ?"

"ಕೇಳಲ್ಲ," ಎಂದರು ದೊಡ್ಡಮ್ಮ. "ಅದಕ್ಕೇ ಯಾವಾಗ್ಲೂ ಸ್ವಲ್ಪ ಮೇಲೆ ಬಂದು ನಿಂತಿರ್ತೀನಿ. ಸಿಳ್ಳೆ ಕೇಳಿದ ತಕ್ಷಣ ಓಡಿಹೋಗಿ ಗೇಟಲ್ಲಿ ನಿಲ್ಲೋದು. ನೀವು ಬರೋಷ್ಟರಲ್ಲಿ ಉಸಿರು ಒಂದು ಹದಕ್ಕೆ ಬಂದಿರತ್ತೆ."

"ಎಷ್ಟು ವರ್ಷದಿಂದ?"

"ಮದುವೆ ಆಗಿ ಎರಡನೇ ಸುತ್ತಿಂದ. ಆ ವರ್ಷ ಕಾದು ಕಾದು ತಡೀಲಾರದೆ ಹತ್ತಿದೆ. ಹೀಗೇ ಮಂಜು. ನೋಡ್ತೀನಿ, ಒಂದು ಕಲ್ಲಿಗೂ ಗುರುತಿಲ್ಲ! ಎಲ್ಲಾ ಆ ಕಡೆ ಮುಖಕ್ಕೆ. ಜೌಗಲ್ಲಿ ಚಪ್ಪಲಿ ಹೋಯ್ತು."

"ನಾಯಿ ಕಚ್ಕೊಂಡು ಹೋಯ್ತು ಅಂದಿದ್ದೆ!"

"ನಮ್ಮ ಬೀದೀಲಿ ನಾಯಿ ಎಲ್ಲಿತ್ರೀ ಆಗ?"

ನನಗೆ ನಗು ತಡೆಯಲಾಗಲಿಲ್ಲ. ದೊಡ್ಡಪ್ಪ ನಗಲಿಲ್ಲ. ಅವರ ಕಣ್ಣು ಕಲ್ಲಿನ ಮೇಲೇ ಇತ್ತು. "ಆದ್ರೂ... ಇಷ್ಟು ಮೇಲಿನ ಕಲ್ಲಿಗೆ ಯಾವಾಗ ಬಂದೆ?"

ದೊಡ್ಡಮ್ಮ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ತಡೆದು ಹೇಳಿದರು: "ಇದು ಹೋದ ವರ್ಷದ್ದು. ಮೊದಲು ಕೆಳಗಿನ ಕಲ್ಲೇ ಸಾಕಾಗ್ತಿತ್ತು, ನೀವು ಬೇಗ ಬರ್ತಿದ್ರಿ. ಆಮೇಲೆ ನೀವು ತಡ ಮಾಡಿದಷ್ಟೂ ನಾನು ಒಂದೊಂದು ಕಲ್ಲು ಮೇಲೆ ಬಂದೆ. ಕಾಯೋವಾಗ ಕೈಗೆ ಏನಾದ್ರೂ ಕೆಲಸ ಬೇಕಲ್ಲ. ಬಣ್ಣ ಹಚ್ತಿದ್ದೆ."

ತನ್ನ ಬೆನ್ನು ತನಗೆ ಕಾಣದು ಎನ್ನುತ್ತಾರೆ. ಅದನ್ನು ನೋಡಿಕೊಂಡವರು ಒಬ್ಬರಿದ್ದರು ಎಂಬುದು ದೊಡ್ಡಪ್ಪನಿಗೆ ಆ ಮಂಜಿನಲ್ಲಿ, ಒಂದು ಕಾಲಿನ ಮೇಲೆ ನಿಂತಿದ್ದಾಗ ತಿಳಿಯಿತು. ಅವರು ಟೀ ಇಸಿದುಕೊಂಡರು. ಎರಡು ಗುಟುಕು ಕುಡಿದು, ನನಗೆ ಮುಚ್ಚಳ ಕೊಟ್ಟು, ಕೇಳಿದರು: "ಹಾಗಾದ್ರೆ ಆ ಬಾಗಿಲು?"

"ಬಾಗಿಲು ಎಲ್ಲಿ ಹೋಗತ್ತೆ, ಮನೇಲೇ ಇರತ್ತೆ," ಎಂದರು ದೊಡ್ಡಮ್ಮ. "ಪಾಪ, ಹಾರ್ಡ್‌ವೇರ್ ಅಂಗಡಿ ಅಣ್ಣಂಗೆ ಎಲ್ಲಾ ಗೊತ್ತು. ಹೇಳಬೇಡಿ ಅಂದಿದ್ದೆ. ಇಷ್ಟು ವರ್ಷ ನಿಮ್ಮ ಬೈಗುಳ ತಿಂದ್ರು."

ಆಮೇಲಿನ ಇಳಿಜಾರು ನನಗೆ ಮರೆಯುವುದಿಲ್ಲ. ಒಂದು ಕಡೆ ನಾನು, ಇನ್ನೊಂದು ಕಡೆ ದೊಡ್ಡಮ್ಮ, ನಡುವೆ ದೊಡ್ಡಪ್ಪ. ಪ್ರತಿ ಕಲ್ಲು ದಾಟಿದ ಮೇಲೂ ಅವರು "ನಿಲ್ಲಿ" ಎನ್ನುತ್ತಿದ್ದರು. ನಾವು ನಿಲ್ಲುತ್ತಿದ್ದೆವು. ಅವರು ಹಿಂದೆ ತಿರುಗುತ್ತಿದ್ದರು, ದೊಡ್ಡಮ್ಮ ಟಾರ್ಚು ಬಿಡುತ್ತಿದ್ದರು. ಹಸಿರು. ಮತ್ತೆ ಹಸಿರು. ಕೆಳಕ್ಕೆ ಇಳಿದ ಹಾಗೆ ಬಣ್ಣದ ಪದರ ದಪ್ಪವಾಗುತ್ತಿತ್ತು. ಗೇಟಿಗೆ ಹತ್ತಿರದ ಕಲ್ಲಿನ ಪಟ್ಟೆ ವರ್ಷ ವರ್ಷದ ಬಣ್ಣ ಕೂಡಿ ಕೂಡಿ ಉಬ್ಬಿ ನಿಂತಿತ್ತು. ಅದರ ಮೇಲೆ ದೊಡ್ಡಪ್ಪ ಅಂಗೈ ಇಟ್ಟರು. ಈ ಸಲ ಅಂಚಿನ ಮಾತು ಬರಲಿಲ್ಲ.

ಗೇಟಿನ ಮುಂದೆ ನಮ್ಮಿಬ್ಬರ ಕೈ ಬಿಡಿಸಿಕೊಂಡರು. ಕೊನೆಯ ನಾಲ್ಕು ಹೆಜ್ಜೆ ಒಬ್ಬರೇ ನಡೆದರು. ಗೇಟು ತೆಗೆದು ಈಚೆ ಬಂದು ನಿಂತರು.

"ನಿಮ್ಮ ಕಾಲಲ್ಲೇ ಬಂದ್ರಿ," ಎಂದರು ದೊಡ್ಡಮ್ಮ. "ಮಧ್ಯೆ ಕೂತಿಲ್ಲ. ನಾನೇ ನೋಡಿದೀನಿ. ಮುಂದಿನ ವರ್ಷವೂ ನಿಮ್ಮದೇ."

ದೊಡ್ಡಪ್ಪ ಚೀಲಕ್ಕೆ ಕೈ ಹಾಕಿದರು. ಬಿಳಿ ಬಣ್ಣದ ಬ್ರಷ್ಷು ತೆಗೆದು, ಅದರ ಕೂದಲನ್ನು ಬೆರಳಲ್ಲಿ ನೇರ ಮಾಡಿ, ದೊಡ್ಡಮ್ಮನ ಮುಂದೆ ಹಿಡಿದರು.

"ಮೊದಲು ಅಂಚು ಹೊಡಿ," ಎಂದರು. "ಆಮೇಲೆ ಒಳಗೆ ತುಂಬು. ಅವಸರ ಮಾಡ್ಬೇಡ."

ಹೋದ ವರ್ಷ ಚಳಿ ಕಳೆದ ಮೇಲೆ ದೊಡ್ಡಮ್ಮನೂ ನಾನೂ ಸುತ್ತು ಹೊರಟೆವು. ಅವರು ಸುತ್ತು ಪೂರ್ತಿ ನಡೆದದ್ದು ಅದೇ ಮೊದಲು. ನೆತ್ತಿಯ ಮೇಲೆ ನಿಂತು ಊರನ್ನು ನೋಡಿ, "ಇಷ್ಟೇನಾ? ಇದಕ್ಕೇನಾ ಇಷ್ಟು ವರ್ಷ ಅಷ್ಟೊಂದು ಠೇಂಕಾರ?" ಎಂದರು. ಕಣ್ಣು ಒರೆಸಿಕೊಂಡದ್ದು ಗಾಳಿಗೆ ಎಂದು ಅವರೇ ಹೇಳಿದ್ದರಿಂದ ನಾನು ಬೇರೇನೂ ಬರೆಯುವ ಹಾಗಿಲ್ಲ. ಪಟ್ಟೆಗಳ ಅಂಚು ಸೊಟ್ಟವೇ ಆದವು. ಪ್ರತಿ ಕಲ್ಲಿನಲ್ಲೂ ಉಸಿರು ಬಿಗಿಹಿಡಿದಿದ್ದಂತೂ ನಿಜ.

ಹೊರಡುವಾಗ ಅಡುಗೆಮನೆಯ ಬಾಗಿಲು ನೋಡಿದ್ದೆ. ಚಿಲಕ ದಾಟಿ, ಮೇಲಿನ ಚೌಕಟ್ಟಿನವರೆಗೆ ಹಸಿರು. ಒಂದು ಡಬ್ಬಿ ಸರಿಯಾಗಿ ಸಾಕಾಗಿತ್ತಂತೆ. ಬಣ್ಣ ಹಚ್ಚಿದ ದಿನ ದೊಡ್ಡಪ್ಪ ಹಾರ್ಡ್‌ವೇರ್ ಅಂಗಡಿಯವರನ್ನು ಮನೆಗೆ ಕರೆದು ಟೀ ಕೊಟ್ಟರಂತೆ. ಬೈಯದೆ ಮಾತಾಡಿದ್ದಕ್ಕೆ ಅವರೇ ಗಾಬರಿಯಾದರಂತೆ.

ಸಂಜೆ ಇಳಿದು ಬರುವಾಗ ಮಂಜಿರಲಿಲ್ಲ. ನಮ್ಮಿಬ್ಬರಿಗೂ ಸಿಳ್ಳೆ ಬರುವುದಿಲ್ಲ, ಹಾಗಾಗಿ ದೊಡ್ಡಮ್ಮ ಖಾಲಿ ಡಬ್ಬಿಗೆ ಬ್ರಷ್ಷಿನ ಹಿಡಿ ಬಡಿಯುತ್ತ ಬಂದರು. ಗೇಟು ಇನ್ನೂ ದೂರವಿತ್ತು. ಕೆಳಗಿನಿಂದ ಮೂರನೆಯ ಕಲ್ಲಿನ ಹತ್ತಿರ ಒಬ್ಬರು ಕೋಲೂರಿಕೊಂಡು, ಹೆಗಲಲ್ಲಿ ಫ್ಲಾಸ್ಕು ಹಾಕಿಕೊಂಡು, ಕಲ್ಲಿನ ಹಸಿರು ಮುಖಕ್ಕೆ ಮೂಗು ತಾಗಿಸಿಕೊಂಡು ನಿಂತಿದ್ದರು.

ನಮ್ಮನ್ನು ಕಂಡೂ ಕಾಣದ ಹಾಗೆ ದೊಡ್ಡಪ್ಪ, "ಎದುರೇನೂ ಬಂದಿಲ್ಲ ನಾನು. ಬಣ್ಣ ಒಣಗಿದೆಯಾ ಅಂತ ನೋಡೋಕೆ ಬಂದೆ," ಎಂದರು.

"ಹೋದ ವರ್ಷದ ಬಣ್ಣ ಇನ್ನೂ ಒಣಗಿಲ್ವೇನ್ರೀ?" ಎಂದರು ದೊಡ್ಡಮ್ಮ.

ದೊಡ್ಡಪ್ಪ ಏದುಸಿರು ಬಿಡುತ್ತಲೇ ಫ್ಲಾಸ್ಕಿನ ಮುಚ್ಚಳ ತಿರುಗಿಸತೊಡಗಿದರು.